ನಗೆ ಸಿನಿಮಾಗೆ 4ಕೆ ಯಾಕೆ ಬೇಕು? ಒಂದು ಡಿಸ್ಕ್ ಇಟ್ಟುಕೊಂಡು ನೋಡೋಣ

ಲಿಫ್ಟ್ ಒಳಗೆ ಮೂವರು ನಿಂತಿದ್ದಾರೆ. ಮೂವರ ಬೆನ್ನ ಮೇಲೂ ಮೂಟೆಯಷ್ಟು ದೊಡ್ಡ ಯಂತ್ರ. ಹೋಟೆಲಿನಲ್ಲಿ ಸೇರಿಕೊಂಡಿರುವ ಭೂತ ಹಿಡಿಯಲು ಹೊರಟಿದ್ದಾರೆ. ಅರ್ಧ ದಾರಿಯಲ್ಲಿ ಅವರಿಗೆ ನೆನಪಾಗುತ್ತದೆ, ಈ ಅಣು ಯಂತ್ರವನ್ನು ಇದುವರೆಗೆ ಒಮ್ಮೆಯೂ ಸರಿಯಾಗಿ ಪರೀಕ್ಷೆ ಮಾಡಿಲ್ಲ ಅಂತ. ಆಗಲಿ, ನನ್ನದನ್ನು ಆನ್ ಮಾಡು ಎನ್ನುತ್ತಾನೆ ಒಬ್ಬ. ಸ್ವಿಚ್ ಹಾಕಿದ ತಕ್ಷಣ ಗುಂಯ್ ಎಂದು ಸದ್ದು ಏಳುತ್ತದೆ. ಉಳಿದಿಬ್ಬರು ಒಂದು ಮಾತೂ ಆಡದೆ, ಮುಖವನ್ನೂ ಬದಲಿಸದೆ, ಮೆಲ್ಲಗೆ ಅವನಿಂದ ದೂರ ಸರಿದು ಗೋಡೆಗೆ ಒರಗುತ್ತಾರೆ. ಜೋಕು ಅಷ್ಟೇ.

ಇದು 1984ರ ಹಾಲಿವುಡ್ ನಗೆ ಸಿನಿಮಾ 'ಘೋಸ್ಟ್‌ಬಸ್ಟರ್ಸ್'. ನಾನು ಇದನ್ನು ಮೊದಲು ನೋಡಿದ್ದು ಮಾವನ ಮನೆಯ ವಿಸಿಆರ್‌ನಲ್ಲಿ. ಆ ಕ್ಯಾಸೆಟ್ಟಿನಲ್ಲಿ ಈ ಸರಿಯುವಿಕೆ ನನಗೆ ಕಂಡೇ ಇರಲಿಲ್ಲ. ಲಿಫ್ಟ್ ದೃಶ್ಯ ಬಂತು, ಹೋಯಿತು. ಅದರಲ್ಲೊಂದು ಜೋಕಿದೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ, ಡಿವಿಡಿಯಲ್ಲಿ.

ಮೊನ್ನೆ ಗೆಳೆಯನೊಬ್ಬ ಕೇಳಿದ: "ನಗೋ ಸಿನಿಮಾಗೆ 4ಕೆ ಯಾಕೋ? ಬಾಂಬ್ ಬೀಳೋ ಸಿನಿಮಾ ಆದ್ರೆ ಸರಿ." ಡಿವಿಡಿ ಆದಮೇಲೆ ಬ್ಲೂ-ರೇ, ಅದಾದಮೇಲೆ 4ಕೆ; ಒಂದೊಂದು ಡಿಸ್ಕಿಗೂ ಚಿತ್ರದ ಚುಕ್ಕಿಗಳು (ಪಿಕ್ಸೆಲ್) ಹೆಚ್ಚುತ್ತಾ ಹೋದವು. ಕೇಳಿದವನ ತಪ್ಪೇನಿಲ್ಲ. ಹೊಸ ಡಿಸ್ಕ್ ಬಂದಾಗ ಎಲ್ಲರೂ ಮೊದಲು ನೋಡುವುದೇ ಸ್ಫೋಟ, ಬೆಂಕಿ, ಕಾರು ಹಾರುವ ದೃಶ್ಯಗಳನ್ನು. ಆದರೆ ನಗೆ ಸಿನಿಮಾದ ಡಿಸ್ಕನ್ನು ಆ ತಕ್ಕಡಿಯಲ್ಲಿ ತೂಗಿದರೆ ಉತ್ತರ ತಪ್ಪಾಗುತ್ತದೆ. ಇಲ್ಲಿ ನೋಡಬೇಕಾದದ್ದು ಬೇರೆ: ಚೌಕಟ್ಟಿನ ಅಂಚಿನಲ್ಲಿ ನಿಂತವನು ಕಾಣುತ್ತಾನಾ, ಕಣ್ಣು ಒಂಚೂರು ಕದಲಿದ್ದು ಗೊತ್ತಾಗುತ್ತಾ, ಮಾತಿನ ನಡುವಿನ ಮೌನ ಇದ್ದಷ್ಟೇ ಉದ್ದ ಉಳಿದಿದೆಯಾ.

ಅಂಚಿನಿಂದಲೇ ಶುರು ಮಾಡೋಣ. ಈ ಸಿನಿಮಾ ತೆಗೆದದ್ದು ಅಗಲ ಪರದೆಗೆ. ಎತ್ತರ 1 ಇದ್ದರೆ ಅಗಲ ಸುಮಾರು 2.39. ನಮ್ಮ ಹಳೆ ಡಬ್ಬಾ ಟಿವಿಯ ಅಗಲ ಎತ್ತರದ 1.33ರಷ್ಟು ಮಾತ್ರ. ಆ ಟಿವಿಯನ್ನು ಪೂರ್ತಿ ತುಂಬಿಸಬೇಕು ಅಂದರೆ ಚಿತ್ರದ ಎರಡೂ ಬದಿ ಕತ್ತರಿಸಲೇಬೇಕು. ಲೆಕ್ಕ ಹಾಕಿದರೆ ಚಿತ್ರದ ನೂರಕ್ಕೆ 44 ಭಾಗ ಹೋಯಿತು. ಕ್ಯಾಸೆಟ್ ಕಾಲದಲ್ಲಿ ಹೀಗೇ ನಡೆಯುತ್ತಿತ್ತು. ಮಾತಾಡುವವನು ಎಡಕ್ಕಿದ್ದರೆ ಎಡಭಾಗ, ಬಲಕ್ಕಿದ್ದರೆ ಬಲಭಾಗ ತೋರಿಸುತ್ತಿದ್ದರು. ಇದಕ್ಕೆ ಪ್ಯಾನ್ ಆಂಡ್ ಸ್ಕ್ಯಾನ್ ಎನ್ನುತ್ತಾರೆ. ಸಾಹಸದ ಸಿನಿಮಾ ಇದರಿಂದ ಇಕ್ಕಟ್ಟಾಗಿ ಕಾಣುತ್ತದೆ, ಅಷ್ಟೇ. ನಗೆ ಸಿನಿಮಾಗೆ ಆಗುವ ನಷ್ಟ ದೊಡ್ಡದು. ಮಾತಾಡುವವನಿಗಿಂತ ಕೇಳಿಸಿಕೊಳ್ಳುವವನ ಮುಖವೇ ತಾನೆ ನಗಿಸುವುದು? ಅವನನ್ನೇ ಕತ್ತರಿಸಿ ಹಾಕಿದ್ದರು.

ನಿರ್ದೇಶಕ ಐವಾನ್ ರೈಟ್‌ಮನ್ ನಾಲ್ಕೈದು ಜನರನ್ನು ಒಂದೇ ಚೌಕಟ್ಟಿನಲ್ಲಿ ನಿಲ್ಲಿಸಿ ಸುಮ್ಮನೆ ಬಿಡುವುದನ್ನು ಈ ಸಿನಿಮಾದಲ್ಲಿ ಮತ್ತೆ ಮತ್ತೆ ಮಾಡುತ್ತಾರೆ. ನಟ ಬಿಲ್ ಮರ್ರೇ ಒಂದು ಬದಿಯಲ್ಲಿ ಏನೋ ಚೇಷ್ಟೆ ಮಾಡುತ್ತಿರುತ್ತಾನೆ. ಇನ್ನೊಂದು ಬದಿಯಲ್ಲಿ ಹ್ಯಾರಲ್ಡ್ ರಾಮಿಸ್ ಕಲ್ಲಿನಂತೆ ನಿಂತಿರುತ್ತಾನೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿರುವ ಟ್ಯಾವರ್ನ್ ಆನ್ ದ ಗ್ರೀನ್ ಎಂಬ ಶ್ರೀಮಂತರ ಹೋಟೆಲಿನ ದೃಶ್ಯವನ್ನೇ ನೋಡಿ. ರಿಕ್ ಮೊರಾನಿಸ್‌ನನ್ನು ದೆವ್ವದ ನಾಯಿ ಅಟ್ಟಿಸಿಕೊಂಡು ಬಂದಿದೆ. ಅವನು ಹೊರಗಿನಿಂದ ಹೋಟೆಲಿನ ಗಾಜು ಬಡಿದು ಕಿರುಚುತ್ತಾನೆ. ಒಳಗೆ ಊಟ ಮಾಡುತ್ತಿದ್ದವರೆಲ್ಲ ತಲೆಯೆತ್ತಿ ನೋಡುತ್ತಾರೆ. ಒಂದು ಕ್ಷಣ ಎಲ್ಲ ಸ್ತಬ್ಧ. ಅವನು ಗಾಜಿಗೆ ಅಂಟಿಕೊಂಡೇ ಕೆಳಗೆ ಜಾರುತ್ತಾನೆ. ಆಮೇಲೆ ಎಲ್ಲರೂ ತಮ್ಮ ಪಾಡಿಗೆ ತಾವು ಊಟ ಮುಂದುವರಿಸುತ್ತಾರೆ. ಗಾಜಿನಾಚೆ ಅವನು, ಈಚೆ ಇವರು, ಇಬ್ಬರೂ ಒಟ್ಟಿಗೆ ಕಾಣಬೇಕು. ಅವನ ಮುಖ ಮಾತ್ರ ಕಂಡರೆ ಅದು ಭಯದ ದೃಶ್ಯ. ಊಟ ಮಾಡುವವರೂ ಕಂಡರೆ ಮಾತ್ರ ನಗು.

ಹಾಗಾಗಿ ನನ್ನ ಪಾಲಿಗೆ ಈ ಸಿನಿಮಾಗೆ ಸಿಕ್ಕ ನಿಜವಾದ ಮೊದಲ ಬಡ್ತಿ ಅಗಲ ಪರದೆಯ ಡಿವಿಡಿ, 1999ರಲ್ಲಿ. ಆದರೆ ಡಿವಿಡಿಯ ಕೈಯಲ್ಲಿದ್ದ ಬಂಡವಾಳ ತೀರಾ ಕಡಿಮೆ. ಅಮೆರಿಕದ ಪದ್ಧತಿಯ ಡಿವಿಡಿಯಲ್ಲಿ ಒಂದು ಚಿತ್ರಕ್ಕೆ 720×480 ಚುಕ್ಕಿ. ಅದರಲ್ಲೂ ಮೇಲೆ ಕೆಳಗೆ ಕಪ್ಪು ಪಟ್ಟಿ. ಪಟ್ಟಿ ಕಳೆದರೆ ಚಿತ್ರಕ್ಕೆ ಉಳಿಯುವುದು ಸುಮಾರು 360 ಸಾಲು. ಬ್ಲೂ-ರೇಯಲ್ಲಿ ಇದೇ ಚಿತ್ರಕ್ಕೆ ಸುಮಾರು 800 ಸಾಲು ಸಿಗುತ್ತದೆ, 4ಕೆಯಲ್ಲಿ 1600. ದೂರದಲ್ಲಿ ನಿಂತ ಮುಖಕ್ಕೆ ಕಣ್ಣು ಮೂಗು ಇದೆಯೋ ಇಲ್ಲವೋ ಎಂಬುದು ಈ ಸಾಲುಗಳ ಲೆಕ್ಕದ ಮೇಲೆ ನಿಂತಿದೆ.

ಹಾಗಾದರೆ 1984ರ ಸಿನಿಮಾದಲ್ಲಿ 1600 ಸಾಲಿನಷ್ಟು ವಿವರ ನಿಜವಾಗಿ ಇದೆಯಾ? ಇದೆ. ರೀಲಿನಲ್ಲಿ ಚುಕ್ಕಿಗಳ ಲೆಕ್ಕವೇ ಇಲ್ಲ. ಬೆಳಕು ಬಿದ್ದ ಕಡೆ ಬೆಳ್ಳಿಯ ಲವಣದ ಹರಳುಗಳು ಬದಲಾಗಿ ಚಿತ್ರ ಮೂಡುತ್ತದೆ. ಕ್ಯಾಮೆರಾದೊಳಗೆ ಓಡಿದ ಆ ಮೂಲ ನೆಗೆಟಿವ್‌ನಲ್ಲಿ ಇರುವಷ್ಟು ವಿವರ ಬೇರೆಲ್ಲೂ ಇರುವುದಿಲ್ಲ. ಆದರೆ ನೆಗೆಟಿವ್ಅನ್ನೇ ಚಿತ್ರಮಂದಿರಕ್ಕೆ ಕಳಿಸುವ ಹಾಗಿಲ್ಲ. ಅದರಿಂದ ಒಂದು ಪಾಸಿಟಿವ್, ಅದರಿಂದ ಇನ್ನೊಂದು ನೆಗೆಟಿವ್, ಕೊನೆಗೆ ಅದರಿಂದ ಊರೂರಿಗೆ ಹೋಗುವ ಪ್ರಿಂಟು. ಒಂದೊಂದು ಮೆಟ್ಟಿಲಿಗೂ ಚಿತ್ರ ಸ್ವಲ್ಪ ಮಂಕಾಗುತ್ತದೆ, ಜೆರಾಕ್ಸಿನ ಜೆರಾಕ್ಸ್ ತೆಗೆದ ಹಾಗೆ. ಈಗಿನ 4ಕೆ ಡಿಸ್ಕ್‌ಗಾಗಿ ಸಿನಿಮಾದ ಹಕ್ಕು ಇರುವ ಸೋನಿಯವರು ಮೂಲ ನೆಗೆಟಿವ್ಅನ್ನೇ ಸ್ಕ್ಯಾನ್ ಮಾಡಿಸಿದ್ದಾರೆ. ಅಂದರೆ 1984ರಲ್ಲಿ ಟಿಕೆಟ್ ಕೊಂಡು ನೋಡಿದವರಿಗೂ ಕಾಣದಿದ್ದದ್ದು ಇವತ್ತು ನಮ್ಮ ಹಾಲ್‌ನಲ್ಲಿ ಕಾಣುತ್ತದೆ. ಇದು ಲಾಭವೋ ನಷ್ಟವೋ ಎಂಬುದಕ್ಕೆ ಮುಂದೆ ಬರುತ್ತೇನೆ.

ಅದಕ್ಕೆ ಮೊದಲು ಜಗಳದ ವಿಷಯ: ಗ್ರೇನ್. ಚಿತ್ರದ ಮೇಲೆಲ್ಲ ಸಣ್ಣ ಕಾಳುಗಳು ಕುದಿಯುತ್ತಿರುವ ಹಾಗೆ ಕಾಣುತ್ತದಲ್ಲ, ಅದು. 2009ರಲ್ಲಿ ಈ ಸಿನಿಮಾದ ಮೊದಲ ಬ್ಲೂ-ರೇ ಬಂದಾಗ ಎಷ್ಟೋ ಜನ ಬೈದರು. "ಇದೇನು, ಬ್ಲೂ-ರೇ ಅಂದ್ರೆ ಕನ್ನಡಿ ಥರ ಇರಬೇಡ್ವಾ?" ಅಂತ. ಅವರ ಗೊಣಗಾಟದಲ್ಲಿ ಅರ್ಧ ಸರಿ, ಅರ್ಧ ತಪ್ಪು. ಗ್ರೇನ್ ಅಂದರೆ ಆ ಹರಳುಗಳ ಜಾಗದಲ್ಲಿ ಉಳಿಯುವ ಬಣ್ಣದ ಕಲೆಗಳೇ. ಚಿತ್ರ ಇರುವುದೇ ಅದರಲ್ಲಿ. ಕೇಸರಿಬಾತಿನಲ್ಲಿ ರವೆ ಸಿಗುತ್ತಿದೆ ಅಂತ ಬೈದ ಹಾಗಾಯಿತು. ಆದರೆ ಆ ಡಿಸ್ಕ್‌ನಲ್ಲಿ ಬೆಳಕಿನ ಕಾಂಟ್ರಾಸ್ಟ್ ಜಾಸ್ತಿಯಾಗಿ, ರವೆ ಬೇಯದೆ ಹಲ್ಲಿಗೆ ಸಿಕ್ಕುವಂತೆ ಒರಟಾಗಿ ಕಾಣುತ್ತಿತ್ತು. ಅದು ನಿಜ.

ಇದಕ್ಕೆ ಕೆಲವರು ಮಾಡುವ ಮದ್ದು ಇನ್ನೂ ಕೆಟ್ಟದ್ದು. ಕಂಪ್ಯೂಟರಿನಲ್ಲಿ ಗ್ರೇನ್ ಒರೆಸಿಬಿಡುತ್ತಾರೆ. ಗ್ರೇನ್ ಜೊತೆಗೆ ಚರ್ಮದ ಸುಕ್ಕು, ಗಡ್ಡದ ಚೂರು, ಕಣ್ಣಿನ ಕೆಳಗಿನ ಗೆರೆ ಎಲ್ಲ ಒರೆಸಿಹೋಗುತ್ತದೆ. ಮುಖ ಮೇಣದ ಗೊಂಬೆ ಆಗುತ್ತದೆ. 1994ರ 'ಟ್ರೂ ಲೈಸ್' ನೆನಪಿರಬಹುದು, ಹೊಡೆದಾಟದ ಜೊತೆಗೆ ನಗುವೂ ಇದ್ದ ಸಿನಿಮಾ. 2024ರಲ್ಲಿ ಅದರ 4ಕೆ ಡಿಸ್ಕ್ ಬಂತು. ಯಂತ್ರಕಲಿಕೆಯ ತಂತ್ರ ಹಚ್ಚಿ ಚಿತ್ರವನ್ನು ತಿದ್ದಿದ್ದರು. ಮುಖಗಳು ಪ್ಲಾಸ್ಟಿಕ್ ಆಗಿವೆ ಎಂದು ನೋಡಿದವರು ಗಲಾಟೆ ಮಾಡಿದರು. ಚುಕ್ಕಿಗಳ ಲೆಕ್ಕದಲ್ಲಿ ಅದೂ 4ಕೆಯೇ. ಡಬ್ಬದ ಮೇಲಿನ ಅಂಕಿ ನೋಡಿ ಡಿಸ್ಕ್ ಕೊಳ್ಳಬಾರದು ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

'ಘೋಸ್ಟ್‌ಬಸ್ಟರ್ಸ್' 4ಕೆಯಲ್ಲಿ ರವೆ ಹಾಗೇ ಇದೆ, ಹದವಾಗಿ ಬೆಂದಿದೆ. ಪರೀಕ್ಷೆಗೆ ನಾನು ಇಟ್ಟುಕೊಂಡಿರುವ ದೃಶ್ಯ ಸಿನಿಮಾದ ಶುರುವಿನಲ್ಲೇ ಬರುತ್ತದೆ. ಬಿಲ್ ಮರ್ರೇಯ ಪಾತ್ರ ವಿಶ್ವವಿದ್ಯಾಲಯದಲ್ಲಿ ಅತೀಂದ್ರಿಯ ಶಕ್ತಿಯ ಪ್ರಯೋಗ ನಡೆಸುತ್ತಿದೆ. ಎದುರಿಗೆ ಒಬ್ಬ ಹುಡುಗ, ಒಬ್ಬಳು ಹುಡುಗಿ. ಕಾರ್ಡಿನ ಹಿಂದೆ ಯಾವ ಚಿತ್ರವಿದೆ ಅಂತ ಊಹಿಸಬೇಕು. ತಪ್ಪಿದರೆ ಕರೆಂಟ್ ಶಾಕ್. ಹುಡುಗಿ ಏನು ಹೇಳಿದರೂ ಸರಿ. ಹುಡುಗ ನಿಜಕ್ಕೂ ಸರಿಯಾಗಿ ಹೇಳಿದರೂ ಶಾಕ್. ಇಲ್ಲಿ ನಗು ಇರುವುದು ಮರ್ರೇಯ ಕಣ್ಣಿನಲ್ಲಿ. ಕಾರ್ಡು ನೋಡುತ್ತಾನೆ, ಹುಡುಗನನ್ನು ನೋಡುತ್ತಾನೆ, ಏನೂ ಆಗಿಲ್ಲವೆಂಬಂತೆ ಕಾರ್ಡು ಕೆಳಗಿಡುತ್ತಾನೆ. ನನ್ನ ಡಿವಿಡಿಯಲ್ಲಿ ಅವನ ಕಣ್ಣು ಎರಡು ಕಪ್ಪು ಚುಕ್ಕಿ. ಮಾತು ಕೇಳಿ ನಗುತ್ತಿದ್ದೆ. 4ಕೆಯಲ್ಲಿ ಆ ಕಣ್ಣಿನಲ್ಲಿ ನಾಚಿಕೆಯೇ ಇಲ್ಲದ ಲೆಕ್ಕಾಚಾರ ಓಡುವುದು ಕಾಣುತ್ತದೆ. ಅವನ ಮುಖದ ಗುಳಿಗಳೂ ಹಾಗೇ ಇವೆ, ಯಾರೂ ಪೌಡರ್ ಬಳಿದಿಲ್ಲ. ಹೊಸ ಡಿಸ್ಕ್ ಬಂದರೆ ನಾನು ಮೊದಲು ಇದನ್ನೇ ಹಾಕುವುದು. ಕೊನೆಯ ಯುದ್ಧ ಆಮೇಲೆ.

ಇನ್ನು ಬೆಳಕು. 4ಕೆ ಡಿಸ್ಕ್‌ನ ಹೆಚ್ಚುಗಾರಿಕೆ ಚುಕ್ಕಿಗಿಂತ ಇಲ್ಲೇ ಜಾಸ್ತಿ ಅಂತ ನನ್ನ ಅಭಿಪ್ರಾಯ. ಹಳೆ ಡಿಸ್ಕ್‌ಗಳನ್ನು ಸುಮಾರು 100 ನಿಟ್ಸ್ ಹೊಳಪಿನ ಪರದೆಗೆ ತಯಾರಿಸುತ್ತಿದ್ದರು. ಕತ್ತಲು ಬೆಳಕಿನ ಅಂತರ ಹೆಚ್ಚಿಸುವ ಎಚ್‌ಡಿಆರ್ ತಂತ್ರ ಬಂದಮೇಲೆ ಮಿಂಚಿನಂಥ ಜಾಗಗಳು 1000 ನಿಟ್ಸ್ ಅಥವಾ ಅದಕ್ಕೂ ಮೇಲೆ ಹೋಗಬಹುದು. ಬಣ್ಣದ ಮೆಟ್ಟಿಲುಗಳೂ ಜಾಸ್ತಿ. ಬ್ಲೂ-ರೇಯಲ್ಲಿ ಒಂದೊಂದು ಬಣ್ಣಕ್ಕೆ 256 ಹಂತ, 4ಕೆ ಡಿಸ್ಕ್‌ನಲ್ಲಿ 1024. ಸಾಮಾನ್ಯ ನಗೆ ಸಿನಿಮಾಗೆ ಇದರಿಂದ ದೊಡ್ಡ ಉಪಯೋಗ ಇಲ್ಲ. ಅವುಗಳಲ್ಲಿ ಬೆಳಕು ಎಲ್ಲ ಕಡೆ ಒಂದೇ ಸಮ ಚೆಲ್ಲಿರುತ್ತದೆ, ಮದುವೆ ಛತ್ರದ ಟ್ಯೂಬ್‌ಲೈಟ್ ಹಾಗೆ. ಈ ಸಿನಿಮಾ ಹಾಗಲ್ಲ. ಛಾಯಾಗ್ರಾಹಕ ಲಾಸ್ಲೋ ಕೊವಾಚ್ 1956ರಲ್ಲಿ ಹಂಗೆರಿ ಬಿಟ್ಟು ಬಂದವರು. ಅವರು ಇದನ್ನು ನಗೆ ಸಿನಿಮಾ ಅಂತ ಬೆಳಗಿಸಿಯೇ ಇಲ್ಲ. ನಿಜವಾದ ನ್ಯೂಯಾರ್ಕ್, ನಿಜವಾದ ಕತ್ತಲು, ಅದರ ನಡುವೆ ಈ ಪೆದ್ದರು. ಕತ್ತಲು ಗಂಭೀರವಾಗಿದ್ದಷ್ಟೂ ಇವರ ಮಾತು ಹೆಚ್ಚು ನಗಿಸುತ್ತದೆ.

ಇವರ ಬಂದೂಕಿನಿಂದ ಹೊರಡುವ ಕೆಂಪು ಕಿತ್ತಳೆ ಬೆಂಕಿದಾರ ನನ್ನ ಹಳೆ ಡಿಸ್ಕ್‌ಗಳಲ್ಲಿ ನಡುವೆ ಬರಿ ಬಿಳಿ. 4ಕೆಯಲ್ಲಿ ಆ ಬಿಳಿಯ ಒಳಗೂ ಬಣ್ಣ ಇದೆ. ಬೆಂಕಿ ಕುಣಿಯುವಾಗ ಸುತ್ತಲಿನ ಕತ್ತಲು ಕತ್ತಲಾಗೇ ಉಳಿಯುತ್ತದೆ.

ಇಲ್ಲೊಂದು ಹಳೆ ಕಥೆ ಇದೆ. 1989ರಲ್ಲಿ ಕ್ರೈಟೀರಿಯನ್ ಸಂಸ್ಥೆ ಈ ಸಿನಿಮಾದ ಲೇಸರ್‌ಡಿಸ್ಕ್ ತಂದಿತು. ಎಲ್‌ಪಿ ರೆಕಾರ್ಡಿನಷ್ಟು ದೊಡ್ಡ ತಟ್ಟೆ ಅದು. ರೈಟ್‌ಮನ್‌ಗೆ ಅದು ಹಿಡಿಸಲಿಲ್ಲ. ಬೆಳಕನ್ನು ಎಷ್ಟು ಏರಿಸಿದ್ದರು ಅಂದರೆ ತಂತ್ರದ (ಸ್ಪೆಷಲ್ ಎಫೆಕ್ಟ್) ದೃಶ್ಯಗಳ ಹೊಲಿಗೆ ಗೆರೆಗಳೆಲ್ಲ ಕಾಣುತ್ತಿದ್ದವು. ಅದನ್ನು ಅವರು ಮುಂದೆ ಬಹಿರಂಗವಾಗಿಯೇ ಹೇಳಿಕೊಂಡರು.

ಹೊಲಿಗೆ ಅಂದರೇನು? ಈ ಸಿನಿಮಾದ ಭೂತಗಳಿಗೆ ಕಂಪ್ಯೂಟರ್ ಗ್ರಾಫಿಕ್ಸ್ ಬಳಸಿರಲಿಲ್ಲ. ಭೂತವನ್ನು ಬೇರೆ ತೆಗೆದು, ಹೋಟೆಲಿನ ಹಜಾರವನ್ನು ಬೇರೆ ತೆಗೆದು, ಎರಡನ್ನೂ ಆಪ್ಟಿಕಲ್ ಪ್ರಿಂಟರ್ ಎಂಬ ಯಂತ್ರದಲ್ಲಿ ಒಂದೇ ರೀಲಿಗೆ ಇಳಿಸಬೇಕಿತ್ತು. ಭೂತ ಕೂರುವ ಜಾಗವನ್ನು ಮೊದಲು ಕಪ್ಪು ಆಕಾರದಿಂದ ಮುಚ್ಚಿ, ಆಮೇಲೆ ಅಲ್ಲಿಗೆ ಭೂತವನ್ನು ಕೂರಿಸುತ್ತಿದ್ದರು. ಆ ಕಪ್ಪು ಆಕಾರಕ್ಕೆ ಮ್ಯಾಟ್ ಎಂದು ಹೆಸರು. ಕೂದಲೆಳೆಯಷ್ಟು ಆಚೀಚೆ ಆದರೂ ಭೂತದ ಸುತ್ತ ಕಪ್ಪು ಗೆರೆ ಮೂಡುತ್ತದೆ. ಹೀಗೆ ರೀಲಿನಿಂದ ರೀಲಿಗೆ ಇಳಿಸಿದಷ್ಟೂ ಗ್ರೇನ್ ದಪ್ಪವಾಗುತ್ತದೆ. ಇದನ್ನು ತಪ್ಪಿಸಲು ರಿಚರ್ಡ್ ಎಡ್ಲಂಡ್ ಅವರ ತಂಡ ತಂತ್ರದ ದೃಶ್ಯಗಳಿಗೆ 35 ಎಂಎಂ ಬದಲು 65 ಎಂಎಂ ರೀಲು ಬಳಸಿತು. ದೊಡ್ಡ ರೀಲಿನಲ್ಲಿ ಶುರು ಮಾಡಿದರೆ ಕೊನೆಗೆ ಇಳಿಸುವಾಗ ಆಗುವ ನಷ್ಟ ಕಡಿಮೆ. ಆದರೂ 4ಕೆಯಲ್ಲಿ ಮಾತಿನ ದೃಶ್ಯದಿಂದ ಭೂತದ ದೃಶ್ಯಕ್ಕೆ ಹಾರಿದ ತಕ್ಷಣ ರವೆ ದಪ್ಪವಾಗುವುದು ಗೊತ್ತಾಗುತ್ತದೆ. ಭೂತ ಬರೋದಕ್ಕೆ ಒಂದು ಸೆಕೆಂಡ್ ಮೊದಲೇ ಗ್ರೇನ್ ಬಂದು ಹೇಳಿಬಿಡುತ್ತದೆ!

ಆ ದೆವ್ವದ ನಾಯಿಯ ವಿಷಯ ಹೇಳಲೇಬೇಕು. ಅಪಾರ್ಟ್‌ಮೆಂಟಿನಿಂದ ನುಗ್ಗಿ ರಸ್ತೆ ದಾಟುವ ನಾಯಿ ಸ್ಟಾಪ್ ಮೋಷನ್‌ನಲ್ಲಿ ಮಾಡಿದ್ದು. ಗೊಂಬೆಯನ್ನು ಚೂರು ಚೂರೇ ಕದಲಿಸಿ ಒಂದೊಂದೇ ಚಿತ್ರ ತೆಗೆಯುವ ಕೆಲಸ. ನಿಜ ಹೇಳಬೇಕೆಂದರೆ ಅದು 1984ರಲ್ಲೂ ಅಷ್ಟಕ್ಕಷ್ಟೇ ಇದ್ದಿರಬೇಕು. ಡಿವಿಡಿಯ ಮಬ್ಬಿನಲ್ಲಿ ಹೇಗೋ ಬಚಾವಾಗುತ್ತಿತ್ತು. 4ಕೆಯಲ್ಲಿ ಗೊಂಬೆ ಎಂದು ಬರೆದು ಅಂಟಿಸಿದಷ್ಟು ಸ್ಪಷ್ಟ. ಗಂಭೀರ ಸಿನಿಮಾ ಆಗಿದ್ದರೆ ಇದು ದೊಡ್ಡ ನಷ್ಟ. ಇಲ್ಲಿ ನನಗೆ ಬೇಸರವಾಗಲಿಲ್ಲ. ಮುಂದೆ ಸ್ವಲ್ಪ ಹೊತ್ತಿಗೇ ಮೊರಾನಿಸ್ ಗಾಜು ಬಡಿಯುತ್ತಾನಲ್ಲ. ಕಂಪ್ಯೂಟರಿನಲ್ಲಿ ಹೊಸ ನಾಯಿ ಮಾಡಿ ಕೂರಿಸಿದ್ದರೆ ಮಾತ್ರ ನಾನು ಡಿಸ್ಕ್ ವಾಪಸ್ ಕೊಡುತ್ತಿದ್ದೆ.

ಕೊನೆಯಲ್ಲಿ ಬರುವ ದೈತ್ಯ ಮಾರ್ಷ್‌ಮೆಲೊ (ಬಿಳಿ ಸ್ಪಂಜಿನಂಥ ಮಿಠಾಯಿ) ಮನುಷ್ಯನದು ಉಲ್ಟಾ ಕಥೆ. ಅವನು ವೇಷ ತೊಟ್ಟ ಮನುಷ್ಯ, ಸುತ್ತ ಪುಟ್ಟ ಪುಟ್ಟ ಕಟ್ಟಡಗಳ ಮಾದರಿ. 4ಕೆಯಲ್ಲಿ ಅವನ ಮೈಯ ಮಡಿಕೆಗಳು ಕಾಣುತ್ತವೆ. ಕಂಡಷ್ಟೂ ಅವನು ಮುದ್ದಾಗುತ್ತಾನೆ. ಅವನು ಸಿಡಿದ ಮೇಲೆ ಎಲ್ಲರ ತಲೆ ಮೇಲೂ ಬೀಳುವ ಬಿಳಿ ಲೋಳೆ ನಿಜದಲ್ಲಿ ಶೇವಿಂಗ್ ಕ್ರೀಮ್. ಈಗ ಅದು ಶೇವಿಂಗ್ ಕ್ರೀಮ್ ಅಂತಲೇ ಗೊತ್ತಾಗುತ್ತದೆ, ಏನು ಮಾಡೋದು.

ಹೊತ್ತಿನ ವಿಷಯ ಯಾರೂ ಹೇಳುವುದಿಲ್ಲ, ನನಗೆ ಅದು ಮುಖ್ಯ. ಸಿನಿಮಾ ರೀಲು ಸೆಕೆಂಡಿಗೆ 24 ಚಿತ್ರ ಓಡುತ್ತದೆ. ಯುರೋಪಿನಲ್ಲಿದ್ದ, ನಮ್ಮ ಟಿವಿಗಳಲ್ಲೂ ಇದ್ದ ಪಾಲ್ ಪದ್ಧತಿ ಸೆಕೆಂಡಿಗೆ 25. ಹಾಗಾಗಿ ಪಾಲ್ ಡಿವಿಡಿಗಳಲ್ಲಿ ಸಿನಿಮಾವನ್ನೇ ಸ್ವಲ್ಪ ಜೋರಾಗಿ ಓಡಿಸಿಬಿಡುತ್ತಿದ್ದರು. ನೂರಕ್ಕೆ 4ರಷ್ಟು ವೇಗ ಜಾಸ್ತಿ. 105 ನಿಮಿಷದ ಈ ಸಿನಿಮಾ 101 ನಿಮಿಷದಲ್ಲಿ ಮುಗಿಯುತ್ತದೆ. ಸರಿಪಡಿಸದಿದ್ದರೆ ಎಲ್ಲರ ದನಿಯೂ ಚೂರು ಮೇಲೇರುತ್ತದೆ. ನಾಲ್ಕು ನಿಮಿಷ ಉಳಿತಾಯ ಅಂತ ಖುಷಿ ಪಡುವ ಹಾಗಿಲ್ಲ. ಆ ನಾಲ್ಕು ನಿಮಿಷ ಬಂದಿರುವುದು ಮೌನಗಳಿಂದಲೂ ತಾನೆ? ಮರ್ರೇ ಉತ್ತರ ಕೊಡುವ ಮೊದಲು ಬಿಡುವ ಆ ಖಾಲಿ ಜಾಗದಿಂದ. ಬ್ಲೂ-ರೇ ಮತ್ತು 4ಕೆಯಲ್ಲಿ ಮತ್ತೆ 24. ಪಾಲ್ ಡಿವಿಡಿಯಲ್ಲಿ ನೋಡಿ ರೂಢಿಯಾದವರಿಗೆ ಮೊದಲ ಸಲ ಎಲ್ಲರೂ ಸ್ವಲ್ಪ ಸೋಮಾರಿಗಳಂತೆ ಕಾಣುತ್ತಾರೆ. ಅದೇ ಅಸಲಿ.

ಸದ್ದಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 4ಕೆ ಡಿಸ್ಕ್‌ನಲ್ಲಿ ಡಾಲ್ಬಿ ಅಟ್ಮಾಸ್ ಇದೆ. ಭೂತ ತಲೆ ಮೇಲೆ ಹಾರಿದ ಹಾಗೆ ಕೇಳಿಸುತ್ತದೆ, ಚೆನ್ನಾಗಿದೆ. ಆದರೆ ನಗೆ ಸಿನಿಮಾದಲ್ಲಿ ಗಮನಿಸಬೇಕಾದ್ದು ಗೊಣಗುವ ಮಾತು. ಇವರ ಕಚೇರಿಯ ಕಾರ್ಯದರ್ಶಿ ಪಾತ್ರದ ಆ್ಯನಿ ಪಾಟ್ಸ್ ಮೇಜಿನ ಹಿಂದೆ ಕೂತು ಗೊಣಗುವುದು ವಾಲ್ಯೂಮ್ ಏರಿಸದೆ ಕೇಳಿಸಬೇಕು. ಕೇಳಿಸುತ್ತದೆ.

ಈಗ ಸ್ಟ್ರೀಮಿಂಗ್ ಇದೆಯಲ್ಲ, ಡಿಸ್ಕ್ ಯಾಕೆ ಅಂತ ಕೇಳಬಹುದು. ಇಲ್ಲಿ ರವೆಯ ಪ್ರಶ್ನೆಯೇ ಮತ್ತೆ ಬರುತ್ತದೆ. ಗ್ರೇನ್ ಪ್ರತಿ ಚಿತ್ರದಲ್ಲೂ ಹೊಸದು. ಹಿಂದಿನ ಚಿತ್ರ ನೋಡಿ ಮುಂದಿನದನ್ನು ಊಹಿಸುವ ಹಾಗಿಲ್ಲ. ಹಾಗಾಗಿ ಅದನ್ನು ಕುಗ್ಗಿಸಿ ಕಳಿಸುವುದು ಕಷ್ಟ. 4ಕೆ ಸ್ಟ್ರೀಮಿಂಗ್‌ಗೆ ಸಾಮಾನ್ಯವಾಗಿ ಸೆಕೆಂಡಿಗೆ 15ರಿಂದ 25 ಮೆಗಾಬಿಟ್ ಸಿಗುತ್ತದೆ. ಡಿಸ್ಕ್‌ಗೆ ಅದರ ಮೂರು ನಾಲ್ಕು ಪಟ್ಟು ಸಿಗಬಹುದು. ಬಿಟ್ ಸಾಲದೇ ಇದ್ದಾಗ ಮೊದಲು ಬಲಿಯಾಗುವುದು ಗ್ರೇನ್, ಅದರ ಹಿಂದೆಯೇ ಮುಖ.

ಹಾಗಂತ ಎಲ್ಲರೂ ಕೊಳ್ಳಬೇಕು ಅಂತಲ್ಲ. ನಿಮ್ಮ ಟಿವಿ 55 ಇಂಚು, ಸೋಫಾ ಎರಡು ಮೀಟರಿಗಿಂತ ತುಂಬಾ ಹಿಂದೆ ಇದ್ದರೆ, ಬ್ಲೂ-ರೇಗೂ 4ಕೆಗೂ ಚುಕ್ಕಿಯ ವ್ಯತ್ಯಾಸ ಕಣ್ಣಿಗೆ ಸಿಗುವುದು ಕಷ್ಟ. ಎಚ್‌ಡಿಆರ್ ವ್ಯತ್ಯಾಸ ದೂರದಿಂದಲೂ ಕಾಣುತ್ತದೆ, ಆದರೆ ಟಿವಿಗೆ ಅಷ್ಟು ಹೊಳಪು ಇರಬೇಕು. ಕಡಿಮೆ ಬೆಲೆಯ ಎಷ್ಟೋ ಟಿವಿಗಳು ಡಬ್ಬದ ಮೇಲೆ ಎಚ್‌ಡಿಆರ್ ಅಂತ ಬರೆದುಕೊಂಡು ಚಿತ್ರವನ್ನು ಕತ್ತಲು ಮಾಡಿಬಿಡುತ್ತವೆ. ಇನ್ನೊಂದು, ಟಿವಿಯ ಮೋಷನ್ ಸ್ಮೂತಿಂಗ್ ದಯವಿಟ್ಟು ಆಫ್ ಮಾಡಿ. ಅದು ಇಲ್ಲದ ಚಿತ್ರಗಳನ್ನು ನಡುವೆ ತುರುಕಿ ಸಿನಿಮಾವನ್ನು ಧಾರಾವಾಹಿ ಮಾಡುತ್ತದೆ. ಆ ನಾಯಿಯಂತೂ ಎಣ್ಣೆ ಮೇಲೆ ಜಾರಿದ ಹಾಗೆ ಓಡುತ್ತದೆ. ನಾನು ಮೊದಲ ಸಲ ಹಾಕಿದಾಗ ಇದನ್ನು ಮರೆತು, ಡಿಸ್ಕನ್ನೇ ಅರ್ಧ ಗಂಟೆ ಬೈದಿದ್ದೆ.

ಗೆಳೆಯನಿಗೆ ನಾನು ಹೇಳಿದ್ದು ಇಷ್ಟು. ಡಿವಿಡಿ ಇದ್ದರೆ ಕಣ್ಣು ಮುಚ್ಚಿ ಬದಲಾಯಿಸು. 2009ರ ಬ್ಲೂ-ರೇ ಇದ್ದರೂ ಬದಲಾಯಿಸಬಹುದು. 2013ರಲ್ಲಿ 4ಕೆ ಮೂಲದಿಂದ ಮಾಡಿದ ಬ್ಲೂ-ರೇ ಬಂದಿತ್ತು. ಬಿಟ್‌ಗಳೆಲ್ಲ ಚಿತ್ರಕ್ಕೇ ಸಿಗಲಿ ಅಂತ ಹೆಚ್ಚುವರಿ ಸಾಮಗ್ರಿ ತೆಗೆದುಹಾಕಿದ್ದ ಡಿಸ್ಕ್ ಅದು. ಅದು ನಿನ್ನ ಹತ್ತಿರ ಇದ್ದರೆ ಒಳ್ಳೆ ಟಿವಿ ತರುವ ತನಕ ಸುಮ್ನಿರು. 2016ರ 4ಕೆ ಡಿಸ್ಕ್ ಕೊಂಡವನು ಆಮೇಲಿನ ಹೊಸ ಡಬ್ಬಗಳ ಹಿಂದೆ ಓಡಬೇಕಾಗಿಲ್ಲ. ಅಮೆರಿಕದಿಂದ ಅಣ್ಣ ತಂದುಕೊಟ್ಟರೂ ಓಡುತ್ತದೆ, ಬೇರೆ ದೇಶದ ಪ್ಲೇಯರ್‌ನಲ್ಲಿ ಓಡದಂತೆ ಹಾಕುವ ರೀಜನ್ ಬೀಗ 4ಕೆ ಡಿಸ್ಕ್‌ಗೆ ಇಲ್ಲ. ಜೊತೆಗೆ ಬರುವ ಬ್ಲೂ-ರೇಗೆ ಇರಬಹುದು. ಅಮೆರಿಕದ್ದು ರೀಜನ್ ಎ, ನಮ್ಮದು ಸಿ.

ಅವನು ಕೊನೆಗೆ ಕೇಳಿದ, ಹಾಗಾದ್ರೆ ನಿನ್ನ ಹಳೆ ಡಿವಿಡಿ ನನಗೆ ಕೊಡ್ತೀಯಾ ಅಂತ. ಕೊಡಲ್ಲ. ಅದರಲ್ಲಿ ರೈಟ್‌ಮನ್, ರಾಮಿಸ್ ಮತ್ತು ನಿರ್ಮಾಣದ ಜೋ ಮೆಡ್ಜಕ್ ಸಿನಿಮಾ ನೋಡುತ್ತ ಹರಟುವ ಒಂದು ಟ್ರ್ಯಾಕ್ ಇದೆ. ಆನ್ ಮಾಡಿದರೆ ಪರದೆಯ ಕೆಳಗೆ ಮೂವರ ನೆರಳೂ ಕಾಣುತ್ತದೆ, ಮುಂದಿನ ಸಾಲಿನಲ್ಲಿ ಕೂತವರ ತಲೆ ಕಂಡ ಹಾಗೆ. ರಾಮಿಸ್ 2014ರಲ್ಲಿ ಹೋದರು, ರೈಟ್‌ಮನ್ 2022ರಲ್ಲಿ. ಚಿತ್ರ ಮಬ್ಬು, ಬಣ್ಣ ಕೆಟ್ಟದು. ಆದರೂ ಮಳೆಗಾಲದಲ್ಲಿ ಒಂದು ಸಲ ಅದನ್ನು ಹಾಕಿಕೊಂಡು, ಅವರ ತಲೆಗಳ ಹಿಂದೆ ಕೂತು ನೋಡುತ್ತೇನೆ.